ಜೇಬಿನಲ್ಲಿ 30 ಗ್ರಾಂ

ತಕ್ಕಡಿ ರಿಪೇರಿ ಮಾಡುವವನಿಗೆ ಒಂದು ಚಟ ಇರುತ್ತದೆ. ಯಾವ ವಸ್ತು ಕೈಗೆ ಬಂದರೂ ಮೊದಲು ತೂಗಿ ನೋಡುವುದು. ಮಲ್ಟಿಟೂಲ್, ಅಂದರೆ ಹತ್ತಾರು ಸಾಮಾನು ಒಂದರಲ್ಲೇ ಮಡಚಿಟ್ಟ ಜೇಬಿನ ಟೂಲ್ ಆರಿಸುವಾಗ ಕೊನೆಗೆ ನನಗೆ ಆ ಚಟವೇ ಕೆಲಸಕ್ಕೆ ಬಂತು. ಅಷ್ಟರೊಳಗೆ ಒಂದು ಟೂಲ್ ಸುಟ್ಟಿದ್ದೆ, ಇನ್ನೊಂದನ್ನು ವಿಮಾನ ನಿಲ್ದಾಣದ ಡಬ್ಬಿಯಲ್ಲಿ ಬಿಟ್ಟು ಬಂದಿದ್ದೆ.

ನಾನಿರುವುದು ದಾವಣಗೆರೆಯಲ್ಲಿ. ಬೆಳಿಗ್ಗೆ ಎಪಿಎಂಸಿಯ ದಲ್ಲಾಳಿ ಅಂಗಡಿಗಳು, ಮಧ್ಯಾಹ್ನ ಮಂಡಿಪೇಟೆ, ಸಂಜೆ ಬಂಗಾರದಂಗಡಿ. ಆಗಾಗ ಹೊಳಲ್ಕೆರೆ, ಭೀಮಸಮುದ್ರದ ಅಡಿಕೆ ವ್ಯಾಪಾರಿಗಳ ಕಡೆಗೂ ಹೋಗುತ್ತೇನೆ. ಪೂರ್ತಿ ಟೂಲ್ ಬ್ಯಾಗ್ ಬೈಕಿನ ಬಾಕ್ಸ್‌ನಲ್ಲೇ ಇರುತ್ತದೆ. ಹಾಗಾದ್ರೆ ಜೇಬಿಗೆ ಇನ್ನೊಂದು ಯಾಕೆ ಅಂತೀರಾ? ಮೆಕ್ಕೆಜೋಳದ ಸುಗ್ಗಿಯಲ್ಲಿ ಒಮ್ಮೆ ಎಪಿಎಂಸಿಗೆ ಬಂದು ನೋಡಿ. ಲಾರಿ, ಟ್ರ್ಯಾಕ್ಟರ್ ಮಧ್ಯೆ ಬೈಕ್ ನುಗ್ಗುವುದಿಲ್ಲ. ಗೇಟಿನ ಹತ್ತಿರ ನಿಲ್ಲಿಸಿ ನಡೆಯಬೇಕು. ಅಷ್ಟು ದೂರ ನಡೆದು ಹೋಗಿ ನೋಡಿದರೆ ತಕ್ಕಡಿಗೆ ಏನೂ ಆಗಿರುವುದಿಲ್ಲ, ಅಡಾಪ್ಟರ್ ವೈರನ್ನು ಇಲಿ ಕಡಿದಿರುತ್ತದೆ. ಎರಡು ನಿಮಿಷದ ಕೆಲಸ. ಅದಕ್ಕೆ ಬೈಕಿನವರೆಗೆ ಹೋಗಿ ಬರೋಷ್ಟರಲ್ಲಿ ಹಮಾಲರು ಬೀಡಿ ಹಚ್ಚಿ ಕೂತಿರುತ್ತಾರೆ, ದಲ್ಲಾಳಿ "ಇನ್ನೂ ಎಷ್ಟೊತ್ರೀ?" ಅಂತ ಎರಡು ಸಲ ಕೇಳಿರುತ್ತಾನೆ.

ಇನ್ನೊಂದು ವಿಷಯ. ತಕ್ಕಡಿಗೆ ತೂಕ, ಅಳತೆ ಪರೀಕ್ಷಿಸುವ ಇಲಾಖೆಯ ಸೀಲ್ ಇರುತ್ತದೆ. ಸೀಲ್ ತೆಗೆದರೆ ಮತ್ತೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಹಾಗಾಗಿ ಒಳಗಿನ ಕೆಲಸವನ್ನು ನಿಂತ ಜಾಗದಲ್ಲಿ ಯಾರೂ ಮಾಡುವುದಿಲ್ಲ. ಅಂಗಡಿಯಲ್ಲಿ ಮಾಡುವುದೆಲ್ಲ ಸೀಲ್‌ನ ಹೊರಗಿನದೇ: ಬ್ಯಾಟರಿ, ವೈರ್, ಪಿನ್, ತಕ್ಕಡಿಯ ಕಾಲು. ಇದಕ್ಕೆ ದೊಡ್ಡ ಸಾಮಾನು ಬೇಡ ಅನ್ನುವುದು ನನಗೆ ಬಹಳ ತಡವಾಗಿ ಹೊಳೆಯಿತು.

ಮೊದಲು ತಗೊಂಡಿದ್ದು ರಸ್ತೆ ಬದಿಯ ಮಾಲು. ಬಿಚ್ಚಿದರೆ ಕಟಿಂಗ್ ಪ್ಲೇಯರ್, ಹಿಡಿಕೆಯೊಳಗೆ ಚಾಕು, ಗರಗಸ, ಅರ, ಡಬ್ಬಿ ಓಪನರ್, ಇನ್ನೂ ಏನೇನೋ. ಎಣಿಸಿ ಎಣಿಸಿ ಖುಷಿಪಟ್ಟೆ. ಬೆಲ್ಟಿಗೆ ಸಿಕ್ಕಿಸಿದರೆ ಪ್ಯಾಂಟು ಒಂದು ಕಡೆ ಜಗ್ಗುತ್ತಿತ್ತು. ಜೇಬಿಗೆ ಹಾಕಿ ಬೈಕ್ ಹತ್ತಿದರೆ ತೊಡೆಗೆ ಚುಚ್ಚುತ್ತಿತ್ತು. ಪ್ಲೇಯರ್ ಜೋರಾಗಿ ಅದುಮಿದರೆ ಎರಡು ಹಿಡಿಕೆಯ ನಡುವೆ ಅಂಗೈ ಚರ್ಮ ಸಿಕ್ಕಿಕೊಳ್ಳುತ್ತಿತ್ತು. ಹದಿನೈದು ದಿನಕ್ಕೆ ಅದು ಮನೆಯ ಟಿವಿ ಸ್ಟ್ಯಾಂಡ್ ಮೇಲೆ ಹೋಗಿ ಕೂತಿತು.

ಅದು ಸುಟ್ಟಿದ್ದು ಆಮೇಲೆ. ಒಂದು ಕಿರಾಣಿ ಅಂಗಡಿಯಲ್ಲಿ ಹಳೇ ವೈರ್ ಕತ್ತರಿಸಬೇಕಿತ್ತು. ಪ್ಲಗ್ ಕಿತ್ತೆ, ಪ್ಲೇಯರ್ ಬಾಯಿಗೆ ವೈರ್ ಇಟ್ಟು ಅದುಮಿದೆ. ಢಂ ಅಂತ ಕಿಡಿ, ಅಂಗಡಿಯ ಲೈಟ್ ಹೋಯಿತು. ನಾನು ಕಿತ್ತಿದ್ದು ಪಕ್ಕದ ಫ್ರಿಜ್ಜಿನ ಪ್ಲಗ್! ಎರಡೂ ತಂತಿ ಒಟ್ಟಿಗೆ ಕತ್ತರಿಸಿದ್ದರಿಂದ ಶಾರ್ಟ್ ಆಗಿ ಪ್ಲೇಯರ್ ಬಾಯಲ್ಲಿ ಅರ್ಧಚಂದ್ರದಂಥ ಗುಳಿ ಬಿದ್ದಿತ್ತು. ನನಗೆ ಏನೂ ಆಗಲಿಲ್ಲ, ಅದೃಷ್ಟ ಅಷ್ಟೇ. ನಮ್ಮ ಮಾಮೂಲಿ ಕಟಿಂಗ್ ಪ್ಲೇಯರ್‌ಗೆ ಹಿಡಿಕೆಯ ಮೇಲೆ ದಪ್ಪ ಕವಚ ಇರುತ್ತದೆ. ಮಲ್ಟಿಟೂಲ್‌ಗೆ ಇರುವುದು ಬರೀ ಉಕ್ಕು. ಎಷ್ಟೇ ದುಬಾರಿ ಕಂಪನಿಯದಾದರೂ ಕರೆಂಟ್ ಇರುವ ವೈರಿಗೆ ಅದನ್ನು ತಾಗಿಸಬಾರದು. ಈಗ ಮೊದಲು ಟೆಸ್ಟರ್ ಇಟ್ಟು ನೋಡುತ್ತೇನೆ, ಆಮೇಲೆ ಕೈ ಹಾಕುತ್ತೇನೆ.

ಎರಡನೆಯದು ಕೀ ಗೊಂಚಲಿಗೆ ಹಾಕುವ ಸಣ್ಣ ಮಡಚು ಚಾಕು, ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್‌ನ ಕ್ಲಾಸಿಕ್ ಎಸ್‌ಡಿ, ಷಡ್ಡಕ ಕೊಟ್ಟಿದ್ದು. 58 ಮಿಲಿಮೀಟರ್ ಉದ್ದ, 21 ಗ್ರಾಂ ಚಿಲ್ಲರೆ ತೂಕ. ಇದೆಯೋ ಇಲ್ಲವೋ ಗೊತ್ತೇ ಆಗುತ್ತಿರಲಿಲ್ಲ. ಅದೇ ತೊಂದರೆ ಆಯಿತು. ವಿಮಾನ ಹತ್ತಲು ಹೋದಾಗ ತಪಾಸಣೆಯವರು ಕೀ ಗೊಂಚಲು ಎತ್ತಿ ತೋರಿಸಿದರು. ಚಾಕು ಕ್ಯಾಬಿನ್ನಿಗೆ ಹೋಗುವಂತಿಲ್ಲ, ದೊಡ್ಡ ಬ್ಯಾಗ್ ಆಗಲೇ ಲಗೇಜಿಗೆ ಹೋಗಿತ್ತು. ತಪ್ಪು ನನ್ನದೇ. ಡಬ್ಬಿಗೆ ಹಾಕಿ ಬಂದೆ.

ಮೂರನೆಯದಕ್ಕೆ ದುಡ್ಡು ಹಾಕುವ ಮೊದಲು ಚಿತ್ರದುರ್ಗದ ಗೆಳೆಯನ ಹತ್ತಿರ ಕೇಳಿದೆ. ಅವನು ಗುಡ್ಡದ ಮೇಲಿನ ಗಾಳಿ ಗಿರಣಿಗಳ ಕೆಲಸದವನು. ಅವನ ಹತ್ತಿರ ಲೆದರ್‌ಮ್ಯಾನ್ ಕಂಪನಿಯ ಸ್ಕೆಲಿಟೂಲ್ ಅನ್ನುವ, ಪ್ಲೇಯರ್ ಇರುವ ಮಲ್ಟಿಟೂಲ್ ಇದೆ. ಈ ಕಂಪನಿಯ ಕಥೆ ಅವನೇ ಹೇಳಿದ್ದು. ಅಮೆರಿಕದ ಟಿಮ್ ಲೆದರ್‌ಮ್ಯಾನ್ 1975ರಲ್ಲಿ ಹಳೇ ಫಿಯಟ್ ಕಾರಿನಲ್ಲಿ ಹೆಂಡತಿ ಜೊತೆ ಯುರೋಪ್ ಸುತ್ತಲು ಹೋಗಿದ್ದನಂತೆ. ದಾರಿಯುದ್ದಕ್ಕೂ ಕಾರು ಕೆಡುವುದು, ಹೋಟೆಲಿನ ನಲ್ಲಿ ಸೋರುವುದು. ಜೇಬಿನ ಚಾಕುವಿಗೆ ಒಂದು ಪ್ಲೇಯರ್ ಇದ್ದಿದ್ದರೆ ಅನ್ನಿಸಿತಂತೆ. ಮೊದಲ ಟೂಲ್ ಮಾರಾಟಕ್ಕೆ ಬಂದಿದ್ದು 1983ರಲ್ಲಿ. ನಾನು ಸ್ಕೆಲಿಟೂಲ್ ಒಂದು ವಾರ ಇಟ್ಟುಕೊಂಡು ನೋಡಿದೆ. 142 ಗ್ರಾಂ. ಒಳ್ಳೇ ಮಾಲು, ಅಂಗೈಗೆ ಕಚ್ಚುವುದಿಲ್ಲ, ಚಾಕು ತೆರೆದರೆ ಲಾಕ್ ಆಗುತ್ತದೆ. ಆದರೂ ನಾಲ್ಕನೇ ದಿನಕ್ಕೆ ಅದನ್ನು ಬೈಕಿನ ಬಾಕ್ಸಿಗೆ ಹಾಕಿದ್ದೆ. ಟೂಲ್ ಬ್ಯಾಗ್ ಪಕ್ಕದಲ್ಲೇ ಇಟ್ಟ ಮೇಲೆ ಅದು ಇದ್ದೂ ಇಲ್ಲದ ಹಾಗೆ, ಅಲ್ವಾ?

ಆಮೇಲೆ ಒಂದು ಕೆಲಸ ಮಾಡಿದೆ. ಇದನ್ನು ಮೊದಲೇ ಮಾಡಿದ್ದರೆ ದುಡ್ಡು ಉಳಿಯುತ್ತಿತ್ತು. ಡೈರಿಯ ಹಿಂದಿನ ಹಾಳೆಯಲ್ಲಿ ಒಂದು ತಿಂಗಳು ಗೀಟು ಎಳೆದೆ. ಟೂಲ್ ಬೇಕು ಅಂತ ಕೈ ಜೇಬಿನ ಕಡೆ ಹೋದಾಗಲೆಲ್ಲ ಯಾವ ಟೂಲ್ ಅಂತ ಬರೆದು ಒಂದು ಗೀಟು. ಜೇಬು ಖಾಲಿ ಇದ್ದರೂ ಗೀಟು.

ತಿಂಗಳ ಕೊನೆಗೆ ಎಲ್ಲಕ್ಕಿಂತ ಜಾಸ್ತಿ ಗೀಟು ಬಿದ್ದಿದ್ದು ಕತ್ತರಿಸುವ ಕೆಲಸಕ್ಕೆ. ಚೀಲದ ಸುತಳಿ, ಪಾರ್ಸೆಲ್ ಟೇಪು, ವೈರಿನ ಸಿಪ್ಪೆ. ಆಮೇಲೆ ಸ್ಟಾರ್ ಸ್ಕ್ರೂ. ಮೂರನೆಯದು ನಾನು ಅಂದುಕೊಂಡೇ ಇರಲಿಲ್ಲ: ಚಿಮುಟ. ಮೆಕ್ಕೆಜೋಳದ ಹೊಟ್ಟು ತಕ್ಕಡಿಯ ಸಂದಿಯಲ್ಲಿ ಸೇರಿಕೊಂಡು ತಟ್ಟೆ ತಾಗಿದರೆ ತೂಕ ನಿಲ್ಲುವುದಿಲ್ಲ, ಅಂಕಿ ಕುಣಿಯುತ್ತಲೇ ಇರುತ್ತದೆ. ಅದನ್ನು ಎಳೆದು ತೆಗೆಯಲು ಚಿಮುಟ ಬೇಕು. ಹಮಾಲರ ಬೆರಳಿಗೆ ಸಿಬುರು ಹೊಕ್ಕಾಗಲೂ ಬೇಕು. ಪ್ಲೇಯರ್‌ಗೆ ಬಿದ್ದಿದ್ದು ನಾಲ್ಕೇ ಗೀಟು. ಅದರಲ್ಲಿ ಮೂರು ಸಲ ಟೂಲ್ ಬ್ಯಾಗ್ ಪಕ್ಕದಲ್ಲೇ ಇತ್ತು! ಗರಗಸಕ್ಕೆ ಸೊನ್ನೆ. ಬಾಟಲ್ ಓಪನರ್‌ಗೂ ಸೊನ್ನೆ, ನಾವು ಕುಡಿಯುವ ಗೋಲಿ ಸೋಡಾಕ್ಕೆ ಹೆಬ್ಬೆರಳೇ ಸಾಕು.

ಸ್ಕೆಲಿಟೂಲ್ ನನ್ನ ಹತ್ತಿರ ಇದ್ದ ವಾರ ಬಂಗಾರದಂಗಡಿಯಲ್ಲಿ ಇನ್ನೊಂದು ಪಾಠ ಆಗಿತ್ತು. ಹೊಸ ಅಡಾಪ್ಟರಿನ ಪೊಟ್ಟಣ ಬಿಡಿಸಲು ಸ್ಕೆಲಿಟೂಲ್‌ನ ಚಾಕು ಒಂದೇ ಕೈಯಲ್ಲಿ ಟಕ್ ಅಂತ ತೆರೆದೆ. ಕೌಂಟರಿನ ಹುಡುಗ ಒಂದು ಹೆಜ್ಜೆ ಹಿಂದೆ ಸರಿದ. ಸಾಹುಕಾರರು ನಕ್ಕರು, ಆದರೆ "ಅದನ್ನ ಒಳಗಿಡ್ರಿ, ಗಿರಾಕಿಗಳು ಅದಾರೆ" ಅಂದರು. ಹತ್ತು ವರ್ಷದ ಪರಿಚಯ! ಅವತ್ತೇ ತೀರ್ಮಾನ ಮಾಡಿದೆ, ನನಗೆ ಕತ್ತರಿ ಇರುವ ಟೂಲ್ ಬೇಕು. ಕತ್ತರಿ ಕಂಡು ಯಾರೂ ಹೆದರುವುದಿಲ್ಲ.

ಹೀಗೆ ಬೇಕಾದದ್ದು ನಾಲ್ಕಕ್ಕೆ ಇಳಿಯಿತು: ಕತ್ತರಿ, ಸಣ್ಣ ಚಾಕು, ಸ್ಟಾರ್ ಸ್ಕ್ರೂ, ಚಿಮುಟ. ವಿಕ್ಟೋರಿನಾಕ್ಸ್‌ನ 91 ಮಿಲಿಮೀಟರಿನ ಟಿಂಕರ್ ನೋಡಿದೆ. ಬೆಂಚಿನ ತಕ್ಕಡಿಯ ಮೇಲೆ 60 ಗ್ರಾಂ ಆಸುಪಾಸು. ಸ್ಟಾರ್ ಸ್ಕ್ರೂಡ್ರೈವರ್ ಬೆನ್ನಿನ ಮಧ್ಯದಿಂದ ಹೊರಗೆ ಬರುತ್ತದೆ, ಹಿಡಿದರೆ ಇಂಗ್ಲಿಷ್ ಟಿ ಅಕ್ಷರದ ಹಾಗೆ. ತಿರುಗಿಸಲು ಒಳ್ಳೇ ಬಲ ಸಿಗುತ್ತದೆ. ಆದರೆ ಕತ್ತರಿ ಇಲ್ಲ. ಕತ್ತರಿ ಸೇರಿಸಿದ ಸೂಪರ್ ಟಿಂಕರ್ ಇದೆ, ಅದು ಇನ್ನೂ ದಪ್ಪ.

ಕೊನೆಗೆ ತಗೊಂಡಿದ್ದು ವಿಕ್ಟೋರಿನಾಕ್ಸ್‌ನದೇ ರಾಂಬ್ಲರ್. ಕಳೆದುಕೊಂಡ ಕ್ಲಾಸಿಕ್‌ನಷ್ಟೇ ಉದ್ದ, ಅದರ ಹಾಗೇ ಸಣ್ಣ ಚಾಕು, ಕತ್ತರಿ, ಒಂದು ಪದರ ಜಾಸ್ತಿ. ಆ ಪದರದಲ್ಲಿ ಸ್ಟಾರ್ ಸ್ಕ್ರೂಗೆ ಹೊಂದುವ ಆಯಸ್ಕಾಂತದ ತುದಿ, ಬಾಟಲ್ ಓಪನರ್, ವೈರ್ ಸಿಪ್ಪೆ ಸುಲಿಯುವ ಕಚ್ಚು. ಚಿಮುಟ ಹಿಡಿಕೆಯೊಳಗೆ. ತೂಗಿದರೆ 30 ಗ್ರಾಂ ಆಸುಪಾಸು. ನನ್ನ ಬೈಕಿನ ಕೀ ಗೊಂಚಲು ಇದಕ್ಕಿಂತ ಭಾರ. ಆಯಸ್ಕಾಂತ ಇರುವುದರಿಂದ ಕಳಚಿದ ಸ್ಕ್ರೂ ಜೋಳದ ರಾಶಿಗೆ ಬೀಳುವುದಿಲ್ಲ. ಬಂಗಾರದ ತಕ್ಕಡಿಯ ತಟ್ಟೆಯ ಮೇಲೆ ಮಾತ್ರ ಅದನ್ನು ಇಡುವುದಿಲ್ಲ. ಕೆಲವು ತಕ್ಕಡಿಗಳು ಒಳಗೆ ತೂಕ ಅಳೆಯುವುದೇ ವಿದ್ಯುತ್ ಆಯಸ್ಕಾಂತದಿಂದ.

ತರುವಾಗ ದೊಡ್ಡಪ್ಪನನ್ನು ಕರೆದುಕೊಂಡು ಹೋಗಿದ್ದೆ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ತಯಾರಾಗುತ್ತಿದ್ದ ಕಾಲದ ಫಿಟ್ಟರ್ ಅವರು. ಟೂಲ್ ಮುಚ್ಚಿ ಬೆಳಕಿಗೆ ಹಿಡಿದರು. "ಪದರದ ನಡುವೆ ಬೆಳಕು ಹಾಯ್ತದಾ ನೋಡು" ಅಂದರು. ಹಾಯಲಿಲ್ಲ. ಚಾಕು ತೆರೆದು ಎಡಬಲಕ್ಕೆ ಅಲುಗಿಸಿದರು, ಅಲುಗಲಿಲ್ಲ. ಕತ್ತರಿಯಿಂದ ತಮ್ಮ ಧೋತರದ ಅಂಚಿನ ಒಂದು ಎಳೆ ಕತ್ತರಿಸಿದರು. ನಕಲಿ ಮಾಲಿನ ಕತ್ತರಿ ದಾರವನ್ನು ಮಡಚಿಕೊಳ್ಳುತ್ತದೆ, ಕತ್ತರಿಸುವುದಿಲ್ಲ. ಕೆಂಪು ಹಿಡಿಕೆ, ಮೇಲೊಂದು ಶಿಲುಬೆ ನೋಡಿ ಸುಮ್ನೆ ದುಡ್ಡು ಕೊಡಬೇಡಿ, ಈ ಮೂರು ಮಾಡಿ ನೋಡಿ.

ಸಣ್ಣ ಚಾಕುವಿಗೆ ಲಾಕ್ ಇಲ್ಲ ಅನ್ನುವುದು ನೆನಪಿರಲಿ. ಒತ್ತಿ ಚುಚ್ಚಲು ಹೋದರೆ ಬೆರಳ ಮೇಲೆ ಮಡಚಿಕೊಳ್ಳುತ್ತದೆ. ಎಳೆದು ಕತ್ತರಿಸಬೇಕು ಅಷ್ಟೇ.

ಸುಗ್ಗಿಯಲ್ಲಿ ಧೂಳು ಹೊಕ್ಕು ಬಿಗಿಯಾಗುತ್ತದೆ. ಭಾನುವಾರ ಬೆಚ್ಚಗಿನ ಸೋಪಿನ ನೀರಲ್ಲಿ ತೆರೆದು ಮುಚ್ಚಿ ತೊಳೆದು, ಚೆನ್ನಾಗಿ ಒಣಗಿಸಿ, ಕೀಲಿಗೆ ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಹಾಕುತ್ತೇನೆ. ಸ್ಟೇನ್‌ಲೆಸ್ ಅಂತ ಒದ್ದೆ ಇಟ್ಟರೆ ಅದೂ ತುಕ್ಕು ಹಿಡಿಯುತ್ತದೆ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗಿ ಧೂಳನ್ನು ಇನ್ನೂ ಹಿಡಿದುಕೊಳ್ಳುತ್ತದೆ.

ಇದರಲ್ಲಿ ಆಗದ ಕೆಲಸವೂ ಇದೆ. ಕೆಲವು ತಕ್ಕಡಿಗಳ ಬ್ಯಾಟರಿ ಮುಚ್ಚಳದ ಸ್ಕ್ರೂ ಬೆರಳುದ್ದ ತೂತಿನ ತಳದಲ್ಲಿರುತ್ತದೆ, ರಾಂಬ್ಲರ್ ತುದಿ ಅಲ್ಲಿಗೆ ಮುಟ್ಟುವುದಿಲ್ಲ. ಮೊನ್ನೆ ಅಂಥದ್ದೇ ಒಂದು ಬಂತು. ಗೇಟಿನವರೆಗೆ ನಡೆದು ಹೋಗಿ ಉದ್ದನೆಯ ಸ್ಕ್ರೂಡ್ರೈವರ್ ತಂದೆ. ಬರೋಷ್ಟರಲ್ಲಿ ಹಮಾಲರು ಬೀಡಿ ಹಚ್ಚಿದ್ದರು.