ಸಿಡ್ನಿಗೆ ಬರುವ ಕನ್ನಡಿಗರಿಗೆ: ಕೆಲಸ ಎಲ್ಲಿದೆ, ನಗರ ಎತ್ತ ಬೆಳೆಯುತ್ತಿದೆ

ಸಿಡ್ನಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು ನಮ್ಮವರು ಯಾವ ಕಡೆ ಹೆಚ್ಚಾಗಿದ್ದಾರೆ ಎಂದು. ವೆಸ್ಟ್‌ಮೀಡ್, ವೆಂಟ್ವರ್ತ್‌ವಿಲ್, ಟೂನ್‌ಗ್ಯಾಬಿ ಎಂಬ ಉತ್ತರವೂ ಕೂಡಲೇ ಸಿಗುತ್ತದೆ. ದಿನಸಿ ಅಂಗಡಿ, ದೇವಸ್ಥಾನ, ಪರಿಚಯದ ಮುಖಗಳು ಹತ್ತಿರವಿರುವುದು ಸಣ್ಣ ಅನುಕೂಲವಲ್ಲ. ಆದರೂ ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ನಿಮ್ಮ ವೃತ್ತಿಯ ಕೆಲಸಗಳು ಯಾವ ಭಾಗದಲ್ಲಿವೆ, ಅಲ್ಲಿಗೆ ಇಂದು ಯಾವ ರೈಲು ಓಡುತ್ತಿದೆ ಎಂಬುದನ್ನು ವಿಚಾರಿಸಿಕೊಳ್ಳುವುದು ಹೆಚ್ಚು ಅಗತ್ಯ.

ಬ್ಯಾಂಕು, ವಿಮೆ ಮತ್ತು ಸಲಹಾ ಸಂಸ್ಥೆಗಳ ದೊಡ್ಡ ಕಚೇರಿಗಳು ಬಹುಪಾಲು ಸಿಟಿಯಲ್ಲಿ, ಅಂದರೆ ಬಂದರಿನ ಬಳಿಯ ಮುಖ್ಯ ವ್ಯಾಪಾರ ಕೇಂದ್ರದಲ್ಲಿ, ಮತ್ತು ಅದರ ಅಂಚಿನ ಬರಂಗಾರೂವಿನಲ್ಲಿವೆ. ಐಟಿ ಹಾಗೂ ಔಷಧ ಕಂಪನಿಗಳ ದೊಡ್ಡ ನೆಲೆ ಮ್ಯಾಕ್ವಾರಿ ಪಾರ್ಕ್. ಅದಕ್ಕಿಂತ ಚಿಕ್ಕದು ನಾರ್ವೆಸ್ಟ್. ಪ್ಯಾರಮ್ಯಾಟದಲ್ಲಿ ರಾಜ್ಯ ಸರ್ಕಾರದ ಹಲವು ಇಲಾಖೆಗಳಿದ್ದರೆ, ಪಕ್ಕದ ವೆಸ್ಟ್‌ಮೀಡ್‌ನಲ್ಲಿ ಆಸ್ಪತ್ರೆಗಳು ಮತ್ತು ವೈದ್ಯಕೀಯ ಸಂಶೋಧನೆಯ ಕೆಲಸಗಳಿವೆ. ಈಸ್ಟರ್ನ್ ಕ್ರೀಕ್, ವೆದರಿಲ್ ಪಾರ್ಕ್ ಕಡೆಯ ಗೋದಾಮುಗಳಲ್ಲಿ ಪಾಳಿ ಕೆಲಸ ಸಿಗುತ್ತದೆ, ಆದರೆ ಅಲ್ಲಿ ರೈಲು ನಿಲ್ದಾಣವಿಲ್ಲ. ಕಾರಿಲ್ಲದೆ ರಾತ್ರಿ ಪಾಳಿ ಒಪ್ಪಿಕೊಳ್ಳುವುದು ಕಷ್ಟ. ವೆಸ್ಟ್‌ಮೀಡ್‌ಗೂ ಮ್ಯಾಕ್ವಾರಿ ಪಾರ್ಕಿಗೂ ನಕ್ಷೆಯಲ್ಲಿ ಹೆಚ್ಚು ದೂರವಿಲ್ಲ. ರೈಲಿನಲ್ಲಿ ಹೋಗುವುದಾದರೆ ಮಾತ್ರ ಸ್ಟ್ರಾತ್‌ಫೀಲ್ಡ್, ಎಪ್ಪಿಂಗ್ ಸುತ್ತಿಕೊಂಡು ಹೋಗಬೇಕು. ಹಾಗಾಗಿ ಗಂಡ ಹೆಂಡತಿಯಲ್ಲಿ ಒಬ್ಬರು ಆಸ್ಪತ್ರೆಯಲ್ಲಿ, ಇನ್ನೊಬ್ಬರು ಐಟಿಯಲ್ಲಿ ಕೆಲಸ ಹುಡುಕುವುದಾದರೆ ಇಬ್ಬರ ದಾರಿಯನ್ನೂ ಲೆಕ್ಕ ಹಾಕಿಯೇ ಮನೆ ನೋಡಬೇಕಾಗುತ್ತದೆ.

ಇಂಥ ಲೆಕ್ಕಕ್ಕೆ ಜನಗಣತಿಯ ಅಂಕಿಗಳನ್ನು ನೋಡುವವರು ಒಂದು ವಿಷಯವನ್ನು ಗಮನಿಸಬೇಕು. 2021ರ ಗಣತಿ ಆಗಸ್ಟ್ 10ರಂದು ನಡೆದಾಗ ಸಿಡ್ನಿಯಲ್ಲಿ ಲಾಕ್‌ಡೌನ್ ಇತ್ತು. ಜನ ಅಂದು ಕೆಲಸಕ್ಕೆ ಹೇಗೆ ಹೋದರೆಂಬ ಉತ್ತರಗಳಿಂದ ಸಾಮಾನ್ಯ ದಿನದ ಓಡಾಟ ತಿಳಿಯುವುದಿಲ್ಲ. 2016ರ ಅಂಕಿಗಳನ್ನೂ ಜೊತೆಗಿಟ್ಟುಕೊಂಡು ಓದುವುದು ಒಳ್ಳೆಯದು.

ನಗರದ ಬೆಳವಣಿಗೆಗಾಗಿ 2018ರಲ್ಲಿ ಪ್ರಕಟವಾದ ಯೋಜನೆ ಸಿಡ್ನಿಯನ್ನು ಬಂದರಿನ ಸುತ್ತ ಒಂದು, ಪ್ಯಾರಮ್ಯಾಟದ ಸುತ್ತ ಒಂದು, ಪಶ್ಚಿಮದ ಹೊಸ ವಿಮಾನ ನಿಲ್ದಾಣದ ಸುತ್ತ ಇನ್ನೊಂದು, ಹೀಗೆ ಮೂರು ನಗರಗಳಾಗಿ ಕಂಡಿತು. ಮನೆಯಿಂದ ಕೆಲಸಕ್ಕೂ ಸೇವೆಗಳಿಗೂ 30 ನಿಮಿಷದಲ್ಲಿ ತಲುಪುವಂತಿರಬೇಕು ಎಂಬುದು ಅದರ ಆಶಯ. ಆಶಯ ಒಳ್ಳೆಯದೇ. ಆದರೆ ಅದನ್ನು ರೂಪಿಸಿದ ಆಯೋಗವನ್ನೇ ಮುಂದೆ ಬಂದ ರಾಜ್ಯ ಸರ್ಕಾರ 2023ರ ಕೊನೆಗೆ ಮುಚ್ಚಿ, ಅದರ ಕೆಲಸವನ್ನು ಯೋಜನಾ ಇಲಾಖೆಗೆ ಒಪ್ಪಿಸಿತು. ಆದುದರಿಂದ ನಾನು ನಕ್ಷೆಯ ಮೇಲಿನ ಗೆರೆಗಿಂತ ನೆಲದ ಮೇಲಿನ ಹಳಿಗೆ ಹೆಚ್ಚು ಬೆಲೆ ಕೊಡುತ್ತೇನೆ. ಟಲಾವಾಂಗ್‌ನಿಂದ ಚ್ಯಾಟ್ಸ್‌ವುಡ್‌ವರೆಗೆ 2019ರಲ್ಲಿ ಆರಂಭವಾದ ಮೆಟ್ರೋ 2024ರ ಆಗಸ್ಟ್‌ನಲ್ಲಿ ಸಿಟಿಯನ್ನು ದಾಟಿ ಸಿಡನಮ್ ತಲುಪಿತು. ನಾರ್ವೆಸ್ಟ್, ಮ್ಯಾಕ್ವಾರಿ ಪಾರ್ಕ್, ಸಿಟಿ ಮೂರೂ ಈಗ ಒಂದೇ ಮಾರ್ಗದಲ್ಲಿರುವುದರಿಂದ, ಅದೇ ಮಾರ್ಗದ ಕೆಲಿವಿಲ್, ರೌಸ್ ಹಿಲ್ ಕಡೆಯ ಮನೆಗಳು ಐಟಿಯವರಿಗೆ ನಿಜವಾಗಿಯೂ ಅನುಕೂಲ. ವೆಸ್ಟ್‌ಮೀಡ್‌ನಿಂದ ಸಿಟಿಗೆ ಬರಲಿರುವ ಮೆಟ್ರೋಗೆ ಹೇಳಿರುವ ವರ್ಷ 2032.

ಪಶ್ಚಿಮದಲ್ಲಿ ಬ್ಯಾಜರೀಸ್ ಕ್ರೀಕ್‌ನ ಆ ಹೊಸ ವಿಮಾನ ನಿಲ್ದಾಣಕ್ಕೆ ಹಳೆಯ ನಿಲ್ದಾಣದಂತೆ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ವಿಮಾನ ಹಾರಾಟದ ನಿರ್ಬಂಧವಿಲ್ಲ. ಸರಕು ಸಾಗಣೆ, ವಿಮಾನಗಳ ದುರಸ್ತಿ, ಭದ್ರತೆಯಂಥ ಕೆಲಸಗಳು ಮೊದಲು ಬರುತ್ತವೆ. ಕಚೇರಿ ಕೆಲಸಗಳಿಗೆ ಕಾಲ ಬೇಕು ಎಂಬುದು ನನ್ನ ಅಂದಾಜು. ಅದನ್ನೇ ನೆಚ್ಚಿಕೊಂಡು ಈಗಲೇ ಅಲ್ಲಿ ಮನೆ ಕೊಳ್ಳುವಂತೆ ನಾನು ಯಾರಿಗೂ ಹೇಳುವುದಿಲ್ಲ.

ಕೊಳ್ಳುವ ಹಂತಕ್ಕೆ ಬಂದವರು, ಊರಿನಲ್ಲಿ ಖಾತಾ, ಇ.ಸಿ. ನೋಡುವಂತೆಯೇ, ಇಲ್ಲಿ ಮಾರಾಟದ ಕರಾರಿನೊಂದಿಗೆ ಲಗತ್ತಿಸಲೇಬೇಕಾದ, ಕೌನ್ಸಿಲ್ (ಸ್ಥಳೀಯ ಆಡಳಿತ) ಕೊಡುವ 10.7 ಯೋಜನಾ ಪ್ರಮಾಣಪತ್ರವನ್ನು ಓದಬೇಕು. ಆ ಜಾಗ ವಸತಿ, ವಾಣಿಜ್ಯ ಮುಂತಾದ ಯಾವ ಬಳಕೆಯ ವಲಯಕ್ಕೆ ಸೇರಿದೆ, ರಸ್ತೆ ಮುಂತಾದ ಸಾರ್ವಜನಿಕ ಉದ್ದೇಶಕ್ಕೆ ಅದನ್ನು ಸ್ವಾಧೀನಪಡಿಸಿಕೊಳ್ಳಲು ಗುರುತಿಸಲಾಗಿದೆಯೇ ಎಂಬುದು ಅದರಲ್ಲಿರುತ್ತದೆ. ಅಕ್ಕಪಕ್ಕದ ಜಾಗಗಳ ವಲಯವನ್ನು ರಾಜ್ಯದ ಯೋಜನಾ ಜಾಲತಾಣದಲ್ಲಿ ವಿಳಾಸ ಹಾಕಿ ಉಚಿತವಾಗಿ ನೋಡಬಹುದು.