ಚೆರೊಕಿ ಊದುಗೊಳವೆ: ಬಾಣಕ್ಕೆ ಅರಳೆ ಕಟ್ಟುವ ಬಗೆ

ಅಮೆರಿಕದ ಮೂಲನಿವಾಸಿಗಳಾದ ಚೆರೊಕಿ ಜನರು ನದಿದಂಡೆಯಲ್ಲಿ ಬೆಳೆಯುವ ಬಿದಿರಿನ ಜಾತಿಯ ಗಳುವನ್ನು ಬೆಂಕಿಯ ಕಾವಿನಲ್ಲಿ ನೆಟ್ಟಗೆ ಮಾಡಿ, ಒಳಗಿನ ಗಿಣ್ಣುಗಳನ್ನು ತೆಗೆದು, ಅಳಿಲು, ಮೊಲ, ಹಕ್ಕಿಗಳಂತಹ ಸಣ್ಣ ಬೇಟೆಗೆಂದು, ಬಾಣವನ್ನು ಉಸಿರಿನಿಂದ ಊದಿ ಹಾರಿಸುವ ಉದ್ದನೆಯ ಊದುಗೊಳವೆಯನ್ನು ಸಿದ್ಧಪಡಿಸುತ್ತಿದ್ದರು. ಬಾಣಕ್ಕೆ ವಿಷ ಹಚ್ಚುತ್ತಿರಲಿಲ್ಲ.

ಹುಬ್ಬಳ್ಳಿಯ ಮೇದಾರರಲ್ಲಿ ಸಿಗುವ ತೆಳುವಾದ, ನೇರವಾದ ಬಿದಿರಿನ 6 ಅಡಿ ತುಂಡು ಅಂತಹ ಕೊಳವೆ ಮಾಡಿಕೊಳ್ಳಲು ನಮಗೆ ಸಾಕು. ಕೆಂಪಗೆ ಕಾಯಿಸಿದ ಸರಳಿನಿಂದ ಗಿಣ್ಣುಗಳನ್ನು ಸುಟ್ಟು ತೆಗೆಯಿರಿ.

ನಿಜವಾದ ಕೌಶಲವಿರುವುದು ಬಾಣದಲ್ಲಿ. ಚೆರೊಕಿಗಳು ಅದರ ಹಿಂಭಾಗಕ್ಕೆ ಮುಳ್ಳುಗಿಡವೊಂದರ ಹೂವಿನ ನವಿರನ್ನು ಕಟ್ಟುತ್ತಾರೆ. ನಮ್ಮಲ್ಲಿ ಎಕ್ಕೆಯ ಅರಳೆ ಅದಕ್ಕೆ ಬಹಳ ಹತ್ತಿರವಾದುದು, ಆದರೆ ಹಾಲು ಕಣ್ಣಿಗೆ ತಾಗದಂತೆ ಒಣಗಿ ಬಿರಿದ ಕಾಯನ್ನೇ ಆರಿಸಬೇಕು. ದಾರದ ತುದಿಯನ್ನು ಹಲ್ಲಿನಲ್ಲಿ ಬಿಗಿಹಿಡಿದು, ಬಾಣದ ಕಡ್ಡಿಯನ್ನು ಬೆರಳಲ್ಲಿ ತಿರುಗಿಸುತ್ತ, ಅರಳೆಯನ್ನು ಎಳೆಎಳೆಯಾಗಿ ಸೇರಿಸುತ್ತ ಸುತ್ತಬೇಕು. ಅದು ಕೊಳವೆಯನ್ನು ತುಂಬದಿದ್ದರೆ ಉಸಿರು ಸೋರಿಹೋಗುತ್ತದೆ.

ಕೊಳವೆಯನ್ನು ಬಾಯಿಗಿಟ್ಟ ಮೇಲೆ ಉಸಿರನ್ನು ಒಳಗೆಳೆಯಲೇಬಾರದು. ಗುರಿಗೆ ಜೋಳದ ಕಣಿಕೆಯ ಸೂಡನ್ನು ನಿಲ್ಲಿಸಿ. ಯಾವ ಜೀವಿಗೂ ಗುರಿಯಿಡಬೇಡಿ.