ಕಿತ್ತುಕೊಂಡನೋ, ಕಸಿದನೋ, ದೋಚಿದನೋ?

ಪತ್ರಿಕೆಯ ಡೆಸ್ಕಿನಲ್ಲಿ ಅಪರಾಧ ಸುದ್ದಿ ತಿದ್ದುವುದು ನನ್ನ ಕೆಲಸ. ಹೊಸಬರು ಎಲ್ಲದಕ್ಕೂ ‘ದೋಚಿದರು’ ಅಂತ ಬರೆದುಬಿಡುತ್ತಾರೆ. ಸುಮ್ನೆ ಬರೆಯಬೇಡಿ, ಮೊದಲು ಕೈ ಏನು ಮಾಡಿತು ನೋಡಿ.

ಕತ್ತಿನ ಸರ ಹರಿದು ಬಂತಾ? ‘ಕಿತ್ತುಕೊಂಡ’ ಅನ್ನಿ. ಕಳೆ ಕೀಳುವ, ಹಲ್ಲು ಕೀಳುವ ‘ಕೀಳು’ ಇದೇ ಅಲ್ವಾ? ಅಂಟಿಕೊಂಡದ್ದನ್ನು ಎಳೆದ ಜೋರು ಅದರಲ್ಲಿದೆ. ಚಾಮುಂಡಿ ಬೆಟ್ಟದ ಕೋತಿ ಬಾಳೆಹಣ್ಣು ‘ಕಸಿಯುತ್ತದೆ’. ಅಲ್ಲಿ ಬಲಕ್ಕಿಂತ ಚುರುಕು ಜಾಸ್ತಿ. ಹಕ್ಕು, ನಿದ್ದೆ, ಬಾಯಿಗೆ ಬಂದ ತುತ್ತಿಗೂ ‘ಕಸಿ’ ಒಗ್ಗುತ್ತದೆ. ‘ದೋಚು’ ಅಂದರೆ ಬೀರು ಖಾಲಿಯಾಗಬೇಕು. ಬಸ್ಸಿನಲ್ಲಿ ಗೊತ್ತಾಗದಂತೆ ಮೊಬೈಲ್ ಹೋದರೆ ‘ಎಗರಿಸಿದ’. ಕೆರೆ, ಗೋಮಾಳಕ್ಕೆ ‘ಕಬಳಿಸು’.

ಸುಲಿಗೆ, ದರೋಡೆ ಬೆರೆಸಬೇಡಿ. ಕಾನೂನಿನಲ್ಲಿ ಐದು ಅಥವಾ ಹೆಚ್ಚು ಜನ ಸೇರಿದರೇ ದರೋಡೆ. ಒಮ್ಮೆ ಬೈಕಿನಲ್ಲಿ ಬಂದ ಇಬ್ಬರನ್ನು ದರೋಡೆಕೋರರೆಂದು ಬರೆದು, ಮರುದಿನ ಠಾಣೆಯಿಂದ ಪಾಠ ಹೇಳಿಸಿಕೊಂಡಿದ್ದೇನೆ.

ಕ್ರಿಯಾಪದ ಪಕ್ಷವನ್ನೂ ಹಿಡಿಯುತ್ತದೆ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ‘ವಶಕ್ಕೆ ತೆಗೆದುಕೊಂಡರು’ ಅಂದರೆ ಕಡತದ ಮಾತು. ‘ಕಿತ್ತುಕೊಂಡರು’ ಅಂದರೆ ಅರಮನೆ ಕಡೆಯವರ ಮಾತು.